ಆಲ್ಟೋನಾ ಕೊಳದ ನೆಲಗಪ್ಪೆಗಳು: ಬೆನ್ನಿನ ತೂತು ನುಡಿದ ಸಾಕ್ಷ್ಯ

2005ರ ಏಪ್ರಿಲ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಲ್ಟೋನಾ ಭಾಗದ ಒಂದು ಕೊಳದ ಸುತ್ತ ನೆಲಗಪ್ಪೆಗಳು ಸಾಯತೊಡಗಿದವು. ಮೊಟ್ಟೆಯಿಡುವ ಕಾಲದಲ್ಲಿ ಕೊಳದ ದಂಡೆಯ ಮೇಲೆ ಹತ್ತಾರು ನೆಲಗಪ್ಪೆಗಳು ಸತ್ತು ಬಿದ್ದಿರುವುದು ಯುರೋಪಿನಲ್ಲಿ ಅಪರೂಪವೇನಲ್ಲ. ಜನರನ್ನು ಬೆಚ್ಚಿಬೀಳಿಸಿದ್ದು ಇಲ್ಲಿನ ಸಾವಿನ ರೀತಿ. ನೀರಿನಿಂದ ಮೇಲೆ ತೆವಳಿ ಬಂದ ಪ್ರಾಣಿ ಬಲೂನಿನಂತೆ ಊದಿಕೊಳ್ಳುತ್ತ ಹೋಗಿ, ತನ್ನ ಸಹಜ ಗಾತ್ರದ ಮೂರೂವರೆ ಪಟ್ಟಿನಷ್ಟಾಗಿ, ಕೊನೆಗೆ ಒಡೆದು, ಕರುಳನ್ನು ಒಂದು ಮೀಟರ್ ದೂರದವರೆಗೂ ಚೆಲ್ಲುತ್ತಿತ್ತು. ಒಡೆದ ಮೇಲೂ ಕೆಲವು ನಿಮಿಷ ಅದರ ಮೈ ಅದುರುತ್ತಿತ್ತು. ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ನೆಲಗಪ್ಪೆಗಳು ಹೀಗೆ ಸತ್ತವೆಂದು ಆಗಿನ ವರದಿಗಳು ಹೇಳಿದವು. ಅಲ್ಲಿನ ಪತ್ರಿಕೆಗಳು ಅದಕ್ಕೆ ‘ಸಾವಿನ ಕೊಳ’ವೆಂದು ಹೆಸರಿಟ್ಟವು, ಕೊಳದ ಹತ್ತಿರ ಸುಳಿಯಬೇಡಿರೆಂದು ಸುತ್ತಲಿನ ನಿವಾಸಿಗಳಿಗೆ ಸೂಚನೆ ಹೋಯಿತು. ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತದಿಂದಲೂ ಇಂಥದೇ ಸುದ್ದಿ ಬಂದಾಗ, ಗಡಿ ದಾಟಿ ಹರಡುವ ಯಾವುದೋ ರೋಗ ಕಾಲಿಟ್ಟಿದೆ ಎಂಬ ಭಯ ಇನ್ನಷ್ಟು ಗಟ್ಟಿಯಾಯಿತು.

ಎತ್ತಿನಷ್ಟು ದೊಡ್ಡದಾಗಬೇಕೆಂದು ಗಾಳಿ ತುಂಬಿಕೊಂಡು ಹೊಟ್ಟೆ ಒಡೆದುಕೊಂಡ ಕಪ್ಪೆಯ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಸುದ್ದಿ ಆ ಕಥೆಯ ಮುಂದಿನ ಭಾಗದಂತೆ ಕಂಡರೆ ಆಶ್ಚರ್ಯವಿಲ್ಲ. ಜಗತ್ತಿನ ಪತ್ರಿಕೆಗಳೂ ಅದನ್ನು ಬಹುಮಟ್ಟಿಗೆ ವಿನೋದದ ಸುದ್ದಿಯಾಗಿಯೇ ಬರೆದವು. ಆದರೆ ಕೊಳದ ದಂಡೆಯಲ್ಲಿ ಸತ್ತು ಬಿದ್ದ ನೆಲಗಪ್ಪೆಯನ್ನು ಯಾವ ಪ್ರಾಣಿ ಕೊಂದಿತು ಎಂಬುದನ್ನು ಕಂಡುಹಿಡಿಯುವ ಕೆಲಸಕ್ಕೆ ಈ ಪ್ರಕರಣದಷ್ಟು ಒಳ್ಳೆಯ ಪಾಠ ಸಿಗುವುದು ಕಷ್ಟ. ಎಲ್ಲರ ಕಣ್ಣು ನೆಟ್ಟದ್ದು ಒಡೆಯುವ ಕ್ಷಣದ ಮೇಲೆ. ಉತ್ತರ ಅಡಗಿದ್ದದ್ದು ಅದಕ್ಕಿಂತ ಮೊದಲೇ ಆಗಿದ್ದ, ಕಣ್ಣಿಗೆ ಬೀಳದಷ್ಟು ಸಣ್ಣದಾದ ಒಂದು ಗಾಯದಲ್ಲಿ.

ಕೊಳಕ್ಕೆ ಬರುವ ಪ್ರಾಣಿ

ಯುರೋಪಿನ ಸಾಮಾನ್ಯ ನೆಲಗಪ್ಪೆ, ಅಂದರೆ ಬ್ಯೂಫೋ ಬ್ಯೂಫೋ, ವರ್ಷದ ಬಹುಭಾಗವನ್ನು ನೀರಿನಿಂದ ದೂರ, ತೋಟಗಳಲ್ಲಿ, ಪೊದೆಗಳ ಬುಡದಲ್ಲಿ, ಕಾಡಿನ ತರಗೆಲೆಗಳ ಅಡಿಯಲ್ಲಿ ಕಳೆಯುತ್ತದೆ. ಚಳಿಗಾಲದ ನಿದ್ದೆ ಮುಗಿದ ಮೇಲೆ, ಮಾರ್ಚ್ ಮತ್ತು ಏಪ್ರಿಲ್‌ನ ಬೆಚ್ಚಗಿನ ಒದ್ದೆ ರಾತ್ರಿಗಳಲ್ಲಿ, ಸುತ್ತಲಿನ ನೆಲಗಪ್ಪೆಗಳೆಲ್ಲ ಒಟ್ಟಿಗೆ ಹೊರಟು ವರ್ಷ ವರ್ಷವೂ ಹೋಗುವ ಅದೇ ಕೊಳವನ್ನು ಸೇರುತ್ತವೆ. ಗಂಡುಗಳ ಸಂಖ್ಯೆ ಹೆಣ್ಣುಗಳಿಗಿಂತ ಬಹಳ ಹೆಚ್ಚಿರುತ್ತದೆ. ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಕೊಳದ ಅಂಚು ಒಂದರ ಮೇಲೊಂದು ಏರಿ ಕುಳಿತ, ಸುತ್ತಲಿನ ಪರಿವೆಯೇ ಇಲ್ಲದ, ನಿಧಾನವಾಗಿ ಚಲಿಸುವ ನೂರಾರು ಪ್ರಾಣಿಗಳಿಂದ ತುಂಬಿರುತ್ತದೆ. ಬೇಟೆಗಾರನ ಕಣ್ಣಿನಿಂದ ನೋಡಿದರೆ ಇದು ವರ್ಷಕ್ಕೊಮ್ಮೆ ನೆರೆಯುವ ಸಂತೆ.

ಆದರೆ ಈ ಸಂತೆಯ ಸರಕು ವಿಷಪೂರಿತ. ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ಉಬ್ಬಿದ ಗ್ರಂಥಿಗಳಿವೆ; ಮೈಮೇಲಿನ ಗಂಟುಗಳಲ್ಲಿಯೂ ವಿಷ ಸುರಿಸುವ ಸಣ್ಣ ಗ್ರಂಥಿಗಳಿವೆ. ಅವುಗಳಿಂದ ಹೊರಬರುವ ಹಾಲಿನಂಥ ದ್ರವದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಸ್ತುಗಳಿರುತ್ತವೆ. ಬಾಯಿ ಹಾಕಿದ ನಾಯಿ ಜೊಲ್ಲು ಸುರಿಸುತ್ತ ಬಿಟ್ಟು ಓಡುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡದವರು ಕಡಿಮೆ. ಹೀಗಾಗಿ ನೆಲಗಪ್ಪೆಯನ್ನು ತಿಂದು ಬದುಕಬೇಕಾದ ಪ್ರಾಣಿ ಆ ವಿಷಕ್ಕೆ ಏನಾದರೊಂದು ಉಪಾಯ ಕಂಡುಕೊಂಡಿರಲೇಬೇಕು. ಹಾವಿನಂತೆ ವಿಷವನ್ನು ಜೀರ್ಣಿಸಿಕೊಂಡು ಇಡಿಯಾಗಿ ನುಂಗುವುದು ಒಂದು ದಾರಿ, ಚರ್ಮ ಸುಲಿದು ಒಳಗಿನ ಮಾಂಸವನ್ನಷ್ಟೇ ತಿನ್ನುವುದು ಇನ್ನೊಂದು, ವಿಷ ಕಡಿಮೆಯಿರುವ ಹೊಟ್ಟೆಯ ಕಡೆಯಿಂದ ಬಗೆಯುವುದು ಮತ್ತೊಂದು. ಇಡಿಯಾಗಿ ನುಂಗುವುದೊಂದನ್ನು ಬಿಟ್ಟರೆ ಯಾವ ದಾರಿ ಹಿಡಿದರೂ ಅದರ ಗುರುತು ಉಳಿಯುತ್ತದೆ. ವಿಷವಿಲ್ಲದ ಕಪ್ಪೆಯನ್ನು ಹಿಡಿದವನು ಪೂರ್ತಿ ತಿಂದು ಮುಗಿಸುತ್ತಾನೆ, ಅಲ್ಲಿ ಸುಳಿವು ಸಿಗುವುದಿಲ್ಲ. ನೆಲಗಪ್ಪೆಯನ್ನು ಹಿಡಿದು ನುಂಗದೆ ತಿನ್ನುವವನು ಎಂಜಲು ಬಿಟ್ಟುಹೋಗಲೇಬೇಕು, ಆ ಎಂಜಲೇ ಅವನ ಸಹಿ.

ನೀರಿನ ಮೇಲೆ ಬಿದ್ದ ಅನುಮಾನ

ಆಲ್ಟೋನಾದಲ್ಲಿ ಯಾರೂ ಮೊದಲು ಬೇಟೆಗಾರನನ್ನು ಹುಡುಕಲಿಲ್ಲ. ಅದಕ್ಕೆ ಕಾರಣವೂ ಇತ್ತು. 1990ರ ದಶಕದ ಕೊನೆಯಲ್ಲಿ ಉಭಯವಾಸಿಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಪತ್ತೆಯಾಗಿ, ಹಲವು ಖಂಡಗಳ ಕಪ್ಪೆಗಳು ಅದರಿಂದ ನಾಶವಾಗುತ್ತಿವೆ ಎಂಬುದು ತಿಳಿದುಬಂದಿತ್ತು. ರಾನಾವೈರಸ್ ಎಂಬ ವೈರಾಣು ಇಂಗ್ಲೆಂಡಿನ ತೋಟದ ಕೊಳಗಳಲ್ಲಿ ಕಪ್ಪೆಗಳನ್ನು ಗುಂಪುಗುಂಪಾಗಿ ಕೊಂದ ದಾಖಲೆಗಳೂ ಇದ್ದವು. ಒಂದೇ ಕೊಳದಲ್ಲಿ ನೂರಾರು ಪ್ರಾಣಿಗಳು ಒಮ್ಮೆಲೇ ಸಾಯುತ್ತಿವೆ ಎಂದಾಗ ತಿಳಿವಳಿಕೆಯುಳ್ಳವರ ಮನಸ್ಸು ರೋಗದ ಕಡೆಗೆ ಹರಿಯುವುದು ಸಹಜ.

ಹ್ಯಾಂಬರ್ಗ್‌ನ ನೈರ್ಮಲ್ಯ ಮತ್ತು ಪರಿಸರ ಸಂಸ್ಥೆ ಕೊಳದ ನೀರನ್ನು ಪರೀಕ್ಷಿಸಿತು. ನಗರದ ಇತರ ಕಡೆಯ ನೀರಿಗಿಂತ ಅದು ಮೇಲೂ ಇರಲಿಲ್ಲ, ಕೀಳೂ ಇರಲಿಲ್ಲ. ಸತ್ತ ಪ್ರಾಣಿಗಳಲ್ಲಿ ವೈರಾಣು, ಬ್ಯಾಕ್ಟೀರಿಯಾಗಳನ್ನು ಹುಡುಕಿದರೂ ಈ ಸಾವುಗಳಿಗೆ ಹೊಂದುವ ಸೋಂಕು ಸಿಗಲಿಲ್ಲ. ಹತ್ತಿರದ ಪಂದ್ಯದ ಮೈದಾನಕ್ಕೆ ಬಂದ ವಿದೇಶಿ ಕುದುರೆಗಳಿಂದ ಯಾವುದೋ ಶಿಲೀಂಧ್ರ ಹರಡಿರಬಹುದೆಂಬ ಊಹೆಯೂ ಓಡಾಡಿತು. ಸಂಖ್ಯೆ ಮಿತಿಮೀರಿದ್ದರಿಂದ ನೆಲಗಪ್ಪೆಗಳೇ ಪ್ರಾಣತ್ಯಾಗ ಮಾಡುತ್ತಿವೆ ಎಂಬ ಮಾತು ಕೂಡ ಅಚ್ಚಾಯಿತು. ಆ ಊಹೆಗೆ ಇಲ್ಲಿ ಇಷ್ಟು ಜಾಗ ಸಾಕು.

ಈ ಎಲ್ಲ ಊಹೆಗಳೂ ಎಡವಿದ್ದು ಒಂದೇ ಜಾಗದಲ್ಲಿ ಎಂದು ನನಗೆ ತೋರುತ್ತದೆ. ಅವೆಲ್ಲವೂ ‘ಊದಿಕೊಂಡು ಒಡೆಯುವುದು’ ರೋಗದ ಲಕ್ಷಣವೆಂದು ಭಾವಿಸಿ, ಅಂಥ ಲಕ್ಷಣ ತರುವ ಕಾರಣವನ್ನು ಹುಡುಕಿದವು. ಆದರೆ ಗಾಳಿ ತುಂಬಿಕೊಂಡು ಊದಿಕೊಳ್ಳುವುದು ನೆಲಗಪ್ಪೆಯ ಹುಟ್ಟುಗುಣ. ಮಳೆಗಾಲದ ಸಂಜೆ ಹಿತ್ತಿಲಿನಲ್ಲಿ ಕುಳಿತ ನೆಲಗಪ್ಪೆಯನ್ನು ಪೊರಕೆಯ ತುದಿಯಿಂದ ಮೆಲ್ಲಗೆ ತಳ್ಳಿದರೆ ಅದು ಓಡುವ ಮೊದಲು ನಾಲ್ಕು ಕಾಲುಗಳ ಮೇಲೆ ಎದ್ದು ನಿಂತು, ತಲೆ ತಗ್ಗಿಸಿ, ಮೈಯನ್ನು ಉಬ್ಬಿಸಿಕೊಳ್ಳುತ್ತದೆ. ಹಾವಿನ ಬಾಯಿಗೆ ಹಿಡಿಯದಷ್ಟು ದೊಡ್ಡದಾಗಿ ಕಾಣುವುದು ಅದರ ಉದ್ದೇಶ. ಹಾಗಾದರೆ ಕೇಳಬೇಕಾಗಿದ್ದ ಪ್ರಶ್ನೆ ನೆಲಗಪ್ಪೆ ಏಕೆ ಊದಿಕೊಂಡಿತು ಎಂಬುದಲ್ಲ. ಯಾವುದೋ ಬೇಟೆಗಾರ ಬಂದದ್ದರಿಂದ ಊದಿಕೊಂಡಿತು ಎಂಬುದು ಅದಕ್ಕೆ ನೇರ ಉತ್ತರ. ದಿನನಿತ್ಯ ಊದಿಕೊಂಡು ಮತ್ತೆ ಇಳಿಯುವ ಪ್ರಾಣಿ ಈ ಸಲ ಇಳಿಯದೆ ಒಡೆದದ್ದೇಕೆ ಎಂಬುದು ನಿಜವಾದ ಪ್ರಶ್ನೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಸತ್ತ ಪ್ರಾಣಿ ಕೊಳೆಯುವಾಗ ಹೊಟ್ಟೆಯಲ್ಲಿ ಅನಿಲ ತುಂಬಿ ಉಬ್ಬುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ದಂಡೆಯ ಮೇಲೆ ಬಿರಿದ ಹೆಣಗಳಷ್ಟೇ ಸಿಕ್ಕಿದ್ದರೆ ಕೊಳೆತವೆಂದು ಹೇಳಿ ಕಡತ ಮುಚ್ಚಬಹುದಾಗಿತ್ತು. ಆದರೆ ಆಲ್ಟೋನಾದಲ್ಲಿ ನೋಡಿದವರು ಜೀವಂತವಾಗಿ ತೆವಳುತ್ತಿದ್ದ ಪ್ರಾಣಿಗಳು ಊದಿಕೊಂಡದ್ದನ್ನು ಕಂಡಿದ್ದರು. ಆ ಗಾಳಿ ಕೊಳೆತದ ಅನಿಲವಲ್ಲ, ಶ್ವಾಸಕೋಶಕ್ಕೆ ತಾನೇ ತುಂಬಿಕೊಂಡ ಗಾಳಿ.

ಬೆನ್ನಿನ ಮೇಲಿನ ಗಾಯ

ಬರ್ಲಿನ್ನಿನ ಪಶುವೈದ್ಯ, ಉಭಯವಾಸಿಗಳ ರೋಗಗಳಲ್ಲಿ ಪರಿಣತರಾದ ಫ್ರಾಂಕ್ ಮುಟ್ಶ್‌ಮನ್ ಆಲ್ಟೋನಾದ ನೆಲಗಪ್ಪೆಗಳನ್ನು ತರಿಸಿಕೊಂಡು ಪರೀಕ್ಷಿಸಿದರು. ಅವರಿಗೆ ಕಂಡದ್ದು ಎರಡು ಸಂಗತಿ. ಮೊದಲನೆಯದು, ಪ್ರಾಣಿಗಳ ಬೆನ್ನಿನ ಮೇಲೆ ಒಂದೇ ಬಗೆಯ, ದುಂಡಗಿನ, ಹಕ್ಕಿಯ ಕೊಕ್ಕು ಮಾತ್ರ ಮಾಡಬಲ್ಲಷ್ಟು ಸಣ್ಣ ತೂತು. ಎರಡನೆಯದು, ಒಳಗೆ ಯಕೃತ್ತು ಇರಲಿಲ್ಲ.

ಈ ಎರಡೂ ಒಟ್ಟಿಗಿದ್ದದ್ದೇ ತೀರ್ಮಾನಕ್ಕೆ ಬಲ ಕೊಟ್ಟಿತು. ತೂತು ಒಂದೇ ಆಗಿದ್ದರೆ ಮುಳ್ಳು ಚುಚ್ಚಿದ ಗಾಯವೆಂದೋ, ಹುಳು ಕೊರೆದದ್ದೆಂದೋ ವಾದಿಸಬಹುದಿತ್ತು. ಯಕೃತ್ತು ಇಲ್ಲದಿರುವುದೊಂದೇ ಆಗಿದ್ದರೆ ಮೈ ಒಡೆದಾಗ ಅದೂ ಚೆಲ್ಲಿಹೋಗಿರಬೇಕೆಂದು ಹೇಳಬಹುದಿತ್ತು. ಆದರೆ ಒಂದರ ಹಿಂದೊಂದರಂತೆ ಹಲವು ಪ್ರಾಣಿಗಳಲ್ಲಿ ಅದೇ ಆಕಾರದ ತೂತು, ಅದರ ಅಡಿಯಲ್ಲಿ ಅದೇ ಅಂಗ ಮಾಯ, ಉಳಿದ ಅಂಗಗಳು ಇದ್ದಲ್ಲೇ ಅಥವಾ ಹೊರಗೆ ಚೆಲ್ಲಿದಲ್ಲೇ ಇರುವುದು ಎಂದರೆ, ಅಲ್ಲಿ ಕೆಲಸ ಮಾಡಿದ್ದು ತನಗೆ ಏನು ಬೇಕು, ಅದು ಎಲ್ಲಿದೆ ಎಂಬುದನ್ನು ಬಲ್ಲ ಪ್ರಾಣಿ. ರೋಗಕ್ಕೆ ಇಷ್ಟು ನಿಖರವಾದ ಆಯ್ಕೆ ಇರುವುದಿಲ್ಲ. ಮುಟ್ಶ್‌ಮನ್ ಅವರ ತೀರ್ಮಾನ ಕಾಗೆಗಳ ಕಡೆಗೆ ತಿರುಗಿತು. ಹ್ಯಾಂಬರ್ಗ್ ಇರುವುದು ಪಶ್ಚಿಮ ಯುರೋಪಿನ ಪೂರ್ತಿ ಕಪ್ಪು ಕಾಗೆಯೂ ಪೂರ್ವದ ಬೂದು ಮೈಯ ಕಾಗೆಯೂ ಸೇರಿ ಬೆರೆಯುವ ಪಟ್ಟಿಯಲ್ಲಿ. ನಗರದ ಉದ್ಯಾನಗಳಲ್ಲಿ ಕಾಗೆಗಳಿಗೆ ಬರವಿಲ್ಲ.

ಯಕೃತ್ತನ್ನೇ ಏಕೆ ಆರಿಸಬೇಕು? ನೆಲಗಪ್ಪೆಯ ಹೊಟ್ಟೆಯೊಳಗಿನ ದೊಡ್ಡ ಅಂಗಗಳಲ್ಲಿ ಅದೂ ಒಂದು, ಮೃದುವಾದದ್ದು, ಸತ್ವ ತುಂಬಿದ್ದು, ಚರ್ಮದ ವಿಷಗ್ರಂಥಿಗಳ ಗೊಡವೆಯಿಲ್ಲದ್ದು. ಚರ್ಮವನ್ನು ಕಚ್ಚಿ ಹಿಡಿಯಬೇಕಾದ ಪ್ರಾಣಿಯ ಬಾಯಿಗೆ ವಿಷ ತಗಲುತ್ತದೆ. ಚೂಪಾದ ಕೊಕ್ಕಿಗೆ ಒಂದು ತೂತು ಸಾಕು, ನಾಲಿಗೆಗೆ ಚರ್ಮ ಸೋಕುವ ಅಗತ್ಯವೇ ಇಲ್ಲ. ಈ ಉಪಾಯ ಯಾವುದೋ ಒಂದು ಕಾಗೆಗೆ ಹೊಳೆದು, ಅದನ್ನು ನೋಡಿ ಉಳಿದವು ಕಲಿತಿರಬೇಕು. ಒಂದರಿಂದ ಒಂದು ಕಲಿಯುವುದರಲ್ಲಿ ಕಾಗೆಗಳು ಎಷ್ಟು ಚುರುಕು ಎಂಬುದನ್ನು ಹಪ್ಪಳ ಒಣಗಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದು ಊರಿನ ಒಂದೇ ಕೊಳದಲ್ಲಿ, ಒಂದೇ ಋತುವಿನಲ್ಲಿ, ಇದ್ದಕ್ಕಿದ್ದಂತೆ ಈ ಸಾವುಗಳು ಹೆಚ್ಚಿದ್ದಕ್ಕೆ ಈ ವಿವರಣೆ ಹೊಂದುತ್ತದೆ. ಹರಡುವ ರೋಗವಾಗಿದ್ದರೆ ಅಕ್ಕಪಕ್ಕದ ಕೊಳಗಳಲ್ಲಿ, ಇತರ ಕಪ್ಪೆ ಮತ್ತು ಮೀನುಗಳಲ್ಲಿ ಅದರ ಸುಳಿವು ಸಿಗಬೇಕಾಗಿತ್ತು.

ಒಡೆಯುವುದು ಹೇಗೆ

ಕೊಂದದ್ದು ಕಾಗೆಯಾದರೆ ಒಡೆದದ್ದೇಕೆ ಎಂಬ ಪ್ರಶ್ನೆಗೆ ನೆಲಗಪ್ಪೆಯ ಮೈಕಟ್ಟು ಉತ್ತರ ಹೇಳುತ್ತದೆ. ನಾವು ಎದೆಯನ್ನು ಹಿಗ್ಗಿಸಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ನಮಗಿದೆ, ಸುತ್ತ ಪಕ್ಕೆಲುಬಿನ ಪಂಜರವಿದೆ. ನೆಲಗಪ್ಪೆಗೆ ಅವೆರಡೂ ಇಲ್ಲ. ಅದು ಬಾಯೊಳಗೆ ಗಾಳಿ ತುಂಬಿಕೊಂಡು, ಮೂಗಿನ ಹೊಳ್ಳೆ ಮುಚ್ಚಿ, ಗಂಟಲಿನ ತಳವನ್ನು ಮೇಲೆತ್ತಿ ಆ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಸೈಕಲ್ ಪಂಪಿನ ಕೆಲಸವೂ ಹೀಗೆಯೇ. ಗಾಳಿಯನ್ನು ಹೊರಗೆ ಬಿಡದೆ ಮತ್ತೆ ಮತ್ತೆ ನೂಕುತ್ತ ಹೋದರೆ ಮೈ ಉಬ್ಬುತ್ತದೆ. ಉಬ್ಬಿಗೆ ಮಿತಿ ಹಾಕುವುದು ಹೊಟ್ಟೆಯ ಸ್ನಾಯುವಿನ ಗೋಡೆ ಮತ್ತು ಒಳಗೆ ಒತ್ತೊತ್ತಾಗಿ ತುಂಬಿರುವ ಅಂಗಗಳು ಮಾತ್ರ.

ಕಾಗೆ ಆ ಗೋಡೆಯಲ್ಲಿ ತೂತು ಮಾಡಿತು, ಒಳಗಿನ ಒಂದು ದೊಡ್ಡ ಅಂಗವನ್ನು ಎಳೆದುಕೊಂಡಿತು, ಹಾರಿಹೋಯಿತು. ನೆಲಗಪ್ಪೆ ತಕ್ಷಣ ಸಾಯಲಿಲ್ಲ. ತನಗೆ ಗೊತ್ತಿದ್ದ ಒಂದೇ ರಕ್ಷಣೆಯನ್ನು, ಅಂದರೆ ಊದಿಕೊಳ್ಳುವುದನ್ನು, ಅದು ಮಾಡಿತು. ಈಗ ಶ್ವಾಸಕೋಶವನ್ನು ಒತ್ತಿ ಹಿಡಿಯುತ್ತಿದ್ದ ಯಕೃತ್ತು ಇಲ್ಲ. ಖಾಲಿಯಾದ ಜಾಗಕ್ಕೆ ಶ್ವಾಸಕೋಶ ಹಿಗ್ಗುತ್ತ ಹೋಗುತ್ತದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ಕೊನೆಗೆ ಶ್ವಾಸಕೋಶವೂ ರಕ್ತನಾಳಗಳೂ ಹರಿಯುತ್ತವೆ, ಒಳಗಿನ ಒತ್ತಡ ದುರ್ಬಲವಾದ ಜಾಗವನ್ನು ಹುಡುಕಿಕೊಂಡು ಕರುಳನ್ನು ಹೊರಗೆ ತಳ್ಳುತ್ತದೆ. ಜೀವವನ್ನು ಉಳಿಸಬೇಕಾದ ಕ್ರಿಯೆಯೇ ಜೀವ ತೆಗೆಯಿತು. ನೋಡಿದವರ ಕಣ್ಣಿಗೆ ಬಿದ್ದದ್ದು ಈ ಕೊನೆಯ ಅಂಕವಷ್ಟೇ. ಕಾಗೆಯ ಪಾತ್ರ ಕೆಲವು ಕ್ಷಣಗಳದ್ದು, ಅದನ್ನು ಯಾರೂ ಗಮನಿಸಿರಲಿಲ್ಲ. ಕೊಳದ ದಂಡೆಯಲ್ಲಿ ಕಾಗೆ ಕುಪ್ಪಳಿಸುತ್ತಿದ್ದರೆ ಯಾರು ತಾನೇ ನಿಂತು ನೋಡುತ್ತಾರೆ?

ಇತರ ಬೇಟೆಗಾರರನ್ನು ಕೈಬಿಡಬಹುದೇ?

ಕಾಗೆಯ ಮೇಲೆ ಬೆರಳು ತೋರಿಸುವ ಮೊದಲು ಇತರರನ್ನು ಒಬ್ಬೊಬ್ಬರಾಗಿ ಬಿಡುಗಡೆ ಮಾಡಬೇಕು. ಉತ್ತರ ಯುರೋಪಿನ ಕೊಳಗಳ ಸುತ್ತ ನೆಲಗಪ್ಪೆ ತಿನ್ನುವವರ ಪಟ್ಟಿ ಚಿಕ್ಕದಲ್ಲ.

ನೀರುನಾಯಿ ವಸಂತದ ಕೊಳಗಳಲ್ಲಿ ನೆಲಗಪ್ಪೆಗಳನ್ನು ಹೇರಳವಾಗಿ ಹಿಡಿಯುತ್ತದೆ. ಅದರ ಕೈವಾಡ ಗುರುತಿಸುವುದು ಸುಲಭ: ಅದಕ್ಕೆ ಬೇಕಾದದ್ದು ಹಿಂಗಾಲುಗಳ ಮಾಂಸ, ಬೇಡವಾದದ್ದು ವಿಷಗ್ರಂಥಿಗಳಿರುವ ತಲೆಯ ಭಾಗ. ಕಾಲಿನ ಚರ್ಮವನ್ನು ಕಾಲುಚೀಲ ಕಳಚಿದಂತೆ ಹಿಂದಕ್ಕೆ ಸುಲಿದು, ಒಳಗಿನದನ್ನು ತಿಂದು, ಮುಂಭಾಗವನ್ನು ಚರ್ಮದ ಸಮೇತ ಬಿಟ್ಟುಹೋಗುತ್ತದೆ. ಮಿಂಕ್ ಮತ್ತು ಪೋಲ್‌ಕ್ಯಾಟ್ ಎಂಬ ಮುಂಗುಸಿ ಗಾತ್ರದ ಪ್ರಾಣಿಗಳು ಕೋರೆಹಲ್ಲುಗಳಿಂದ ಕಚ್ಚಿ ಹಿಡಿಯುವುದರಿಂದ ಜೋಡಿ ಚುಚ್ಚುಗಾಯ ಉಳಿಯುತ್ತದೆ. ಇಲಿ ಕೊರೆದ ಗಾಯದ ಅಂಚು ಹರಕು ಹರಕಾಗಿ, ಬಾಚಿಹಲ್ಲಿನ ಗೀರುಗಳಿಂದ ಕೂಡಿರುತ್ತದೆ. ಹುಲ್ಲುಹಾವು ಇಡಿಯಾಗಿ ನುಂಗುವುದರಿಂದ ಹೆಣವೇ ಉಳಿಯುವುದಿಲ್ಲ; ಇಡಿಯಾಗಿ ನುಂಗುವ ಕೊಕ್ಕರೆಯೂ ಹಾಗೆಯೇ. ಸುಲಿದ ಕಾಲು, ಜೋಡಿ ಹಲ್ಲಿನ ಗುರುತು, ಹರಕು ಅಂಚು, ಇವು ಯಾವುವೂ ಆಲ್ಟೋನಾದ ವಿವರಣೆಯಲ್ಲಿಲ್ಲ.

ನೊಣವನ್ನೂ ಮರೆಯಬಾರದು. ಲೂಸಿಲಿಯಾ ಬ್ಯೂಫೋನಿವೋರಾ ಎಂಬ ಹಸಿರು ನೊಣ ಜೀವಂತ ನೆಲಗಪ್ಪೆಯ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿಹುಳುಗಳು ಮೂಗಿನ ಹೊಳ್ಳೆಯೊಳಗೆ ಹೊಕ್ಕು ಮುಖವನ್ನೇ ತಿಂದುಹಾಕುತ್ತವೆ. ನೋಡಲು ಅದಕ್ಕಿಂತ ಭಯಾನಕವಾದದ್ದು ಕಡಿಮೆ. ಆದರೆ ಅದು ಬೇಸಿಗೆಯ ಕಾಟ, ಗಾಯವೂ ಮುಖದ ಮೇಲೆ. ಏಪ್ರಿಲ್‌ನ ಬೆನ್ನಿನ ತೂತಿಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೊಳದ ದಂಡೆಯ ಹುಲ್ಲಿನ ಮೇಲೆ ಕೆಲವೊಮ್ಮೆ ಬಿಳಿಯ, ಅರೆಪಾರದರ್ಶಕವಾದ ಲೋಳೆಯ ಮುದ್ದೆಗಳು ಸಿಗುತ್ತವೆ. ಹಿಂದಿನವರು ಅವನ್ನು ಆಕಾಶದಿಂದ ಉದುರಿದ ನಕ್ಷತ್ರದ ಲೋಳೆಯೆಂದು ನಂಬಿದ್ದರು. ಹೆಣ್ಣು ಕಪ್ಪೆಯನ್ನೋ ನೆಲಗಪ್ಪೆಯನ್ನೋ ತಿಂದ ಪ್ರಾಣಿ ಬಿಟ್ಟುಹೋದ ಅಥವಾ ಕಕ್ಕಿದ ಅಂಡನಾಳ ನೀರು ಹೀರಿ ಹೀಗೆ ಉಬ್ಬುತ್ತದೆ ಎಂಬುದು ಇವುಗಳಲ್ಲಿ ಬಹುಪಾಲಿಗೆ ಕೊಡುವ ವಿವರಣೆ. ಇಂಥ ಮುದ್ದೆ ಸಿಕ್ಕರೆ ಅಲ್ಲೊಂದು ಬೇಟೆ ನಡೆದಿದೆ ಎಂದು ತಿಳಿಯಬಹುದು. ಬೇಟೆಯಾಡಿದ್ದು ನರಿಯೋ, ಗಿಡುಗವೋ, ನೀರುನಾಯಿಯೋ ಎಂದು ಅದೊಂದರಿಂದಲೇ ಹೇಳಲಾಗದು.

ಗಡಿಯಾರದ ತೊಡಕು

ಕಾಗೆಯ ವಿವರಣೆಯನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ತಿ ನಿರಾಳವಾಗಿ ಅಲ್ಲ. ನೆಲಗಪ್ಪೆಗಳು ಹೆಚ್ಚಾಗಿ ಒಡೆಯುತ್ತಿದ್ದದ್ದು ರಾತ್ರಿ ಎರಡರಿಂದ ಮೂರು ಗಂಟೆಯ ನಡುವೆ ಎಂದು ಆಗಿನ ವರದಿಗಳಲ್ಲಿತ್ತು. ಕಾಗೆ ಹಗಲಿನ ಹಕ್ಕಿ. ರಾತ್ರಿ ಎರಡು ಗಂಟೆಗೆ ಅದು ಮರದ ಮೇಲೆ ನಿದ್ದೆಯಲ್ಲಿರುತ್ತದೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಾಣುವ ಬಿರುಕನ್ನು ಸುದ್ದಿಯ ಭರಾಟೆಯಲ್ಲಿ ಬಹುತೇಕರು ದಾಟಿಹೋದರು.

ಬಿರುಕನ್ನು ಮುಚ್ಚಲು ದಾರಿಗಳಿವೆ. ಸಂಜೆ ಬೆಳಕಿರುವಾಗ ಕುಕ್ಕಿಸಿಕೊಂಡ ಪ್ರಾಣಿ ಗಾಯದೊಂದಿಗೆ ಹಲವು ಗಂಟೆ ಬದುಕಿ, ನೆಲಗಪ್ಪೆಗಳ ಓಡಾಟ ಜೋರಾಗುವ ರಾತ್ರಿಯಲ್ಲಿ, ಗಂಡುಗಳ ನೂಕುನುಗ್ಗಲಿಗೆ ಸಿಕ್ಕು ಊದಿಕೊಂಡಿರಬಹುದು. ತಣ್ಣನೆಯ ರಕ್ತದ ಪ್ರಾಣಿಗಳು ಭಾರಿ ಗಾಯದ ನಂತರವೂ ಬಹಳ ಹೊತ್ತು ಉಸಿರಾಡುತ್ತಿರುವುದು ಗೊತ್ತಿರುವ ಸಂಗತಿ. ಅಥವಾ, ರಾತ್ರಿಯ ಆ ಹೊತ್ತಿಗೆ ಹೆಚ್ಚು ಒಡೆಯುತ್ತವೆ ಎಂಬ ಮಾತೇ ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ಕಾದವರು ಇದ್ದುದರಿಂದ ಹುಟ್ಟಿರಬಹುದು. ಇವು ನನ್ನ ಊಹೆಗಳು. ಆಲ್ಟೋನಾದ ತೀರ್ಮಾನ ನಿಂತಿರುವುದು ಹೆಣಗಳು ಹೇಳಿದ ಸಾಕ್ಷ್ಯದ ಮೇಲೆಯೇ ಹೊರತು ಕೊಕ್ಕಿನಲ್ಲಿ ಯಕೃತ್ತು ಹಿಡಿದ ಕಾಗೆಯ ಚಿತ್ರದ ಮೇಲಲ್ಲ. ಕೊಳದ ಅರ್ಧ ಭಾಗಕ್ಕೆ ಹಗಲು ಹೊತ್ತಿನಲ್ಲಿ ಬಲೆ ಹೊದಿಸಿ, ಇನ್ನರ್ಧವನ್ನು ತೆರೆದಿಟ್ಟು, ಎರಡೂ ಕಡೆಯ ಸಾವುಗಳನ್ನು ಎಣಿಸಿದ್ದರೆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಸಂಜೆ ಆರಕ್ಕೆ ಒಂದು ಸುತ್ತು ಹಾಕಿ, ಇನ್ನೂ ಊದಿಕೊಳ್ಳದ ನೆಲಗಪ್ಪೆಗಳ ಬೆನ್ನನ್ನು ಪರೀಕ್ಷಿಸಿ, ತೂತಿರುವವುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಕಾದಿದ್ದರೂ ಸಾಕಾಗಿತ್ತು.

ಕ್ಯಾಮೆರಾ ಇಟ್ಟು ನೋಡಿದ ಇನ್ನೊಂದು ತೊರೆ

ಹೆಣದಿಂದ ಹೊರಟು ಕೊಂದವನ ಚಿತ್ರದವರೆಗೂ ತಲುಪಿದ ಪ್ರಕರಣವೊಂದು ಆಸ್ಟ್ರೇಲಿಯಾದಲ್ಲಿದೆ. ಕಬ್ಬಿನ ಹುಳು ತಿನ್ನಲೆಂದು 1935ರಲ್ಲಿ ಕ್ವೀನ್ಸ್‌ಲೆಂಡಿಗೆ ತಂದುಬಿಟ್ಟ ಅಮೆರಿಕ ಮೂಲದ ಕೇನ್ ಟೋಡ್, ಅಂದರೆ ಕಬ್ಬಿನ ನೆಲಗಪ್ಪೆ, ಹುಳುವನ್ನು ಬಿಟ್ಟು ಖಂಡವನ್ನೇ ಆಕ್ರಮಿಸುತ್ತ ಪಶ್ಚಿಮದ ಕಿಂಬರ್ಲಿ ಪ್ರದೇಶದವರೆಗೆ ಬಂದಿತ್ತು. ಅದನ್ನು ತಿಂದ ಅಲ್ಲಿನ ಉಡಗಳು, ಮೊಸಳೆಗಳು, ಕ್ವೋಲ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಗಳು ಸತ್ತುಹೋಗುತ್ತಿದ್ದವು. 2014ರಲ್ಲಿ ಅಲ್ಲಿನ ಒಂದು ತೊರೆಯ ನಲವತ್ತು ಮೀಟರ್ ಉದ್ದದ ದಂಡೆಯಲ್ಲಿ ಪ್ರತಿ ಬೆಳಿಗ್ಗೆ ಹೆಚ್ಚೆಂದರೆ ಐದು ಸತ್ತ ನೆಲಗಪ್ಪೆಗಳು ಸಂಶೋಧಕರಿಗೆ ಸಿಗತೊಡಗಿದವು. ಎಲ್ಲದರ ಎದೆಯ ಮೇಲೂ ಒಂದೇ ತರಹದ ಸಣ್ಣ ಸೀಳು. ಒಳಗೆ ಹೃದಯ ಮತ್ತು ಯಕೃತ್ತು ಇಲ್ಲ. ಪಿತ್ತಕೋಶವನ್ನು ಮಾತ್ರ ಹೊರತೆಗೆದು ಪಕ್ಕಕ್ಕಿಡಲಾಗಿತ್ತು. ಕೆಲವು ಪ್ರಾಣಿಗಳಲ್ಲಿ ತೊಡೆಯ ವಿಷಪೂರಿತ ಚರ್ಮವನ್ನು ಸುಲಿದು ಒಳಗಿನ ಸ್ನಾಯುವನ್ನು ತಿನ್ನಲಾಗಿತ್ತು.

ಗಾಯದಲ್ಲಿನ ಹಲ್ಲಿನ ಗುರುತುಗಳನ್ನು ಪರಿಶೀಲಿಸಿ, ಇನ್‌ಫ್ರಾರೆಡ್ ಕ್ಯಾಮೆರಾಗಳನ್ನಿಟ್ಟು ಕಾದಾಗ ಸಿಕ್ಕಿಬಿದ್ದದ್ದು ರಕಾಲಿ ಎಂಬ ಸ್ಥಳೀಯ ನೀರಿಲಿ. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಆ ಇಲಿಗಳು ಸಣ್ಣವನ್ನು ಬಿಟ್ಟು ದೊಡ್ಡ ನೆಲಗಪ್ಪೆಗಳನ್ನೇ ಆರಿಸಿಕೊಳ್ಳುತ್ತಿದ್ದವು. ನೆಲಗಪ್ಪೆಗಳು ಆ ಜಾಗಕ್ಕೆ ಬಂದು ಎರಡು ಮೂರು ವರ್ಷವಾಗಿತ್ತಷ್ಟೇ. ಅಷ್ಟರೊಳಗೆ ಇಲಿಗಳು ಶಸ್ತ್ರಚಿಕಿತ್ಸಕರಾಗಿದ್ದವು.

ಎರಡು ಪ್ರಕರಣಗಳನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಯಕೃತ್ತು ಕಾಣೆ, ಎರಡರಲ್ಲಿಯೂ ಗಾಯ ಸಣ್ಣದು, ಅಚ್ಚುಕಟ್ಟಾದದ್ದು. ಆದರೂ ಒಂದರಲ್ಲಿ ಅಪರಾಧಿ ಹಕ್ಕಿ, ಇನ್ನೊಂದರಲ್ಲಿ ಇಲಿ. ‘ಯಕೃತ್ತು ಇಲ್ಲ, ಆದ್ದರಿಂದ ಕಾಗೆ’ ಎಂದು ಸೂತ್ರ ಹೊಸೆಯುವವರು ಕಿಂಬರ್ಲಿಯಲ್ಲಿ ಮೋಸ ಹೋಗುತ್ತಿದ್ದರು. ಗಾಯ ಬೆನ್ನಿನ ಮೇಲಿದೆಯೋ ಹೊಟ್ಟೆಯ ಮೇಲಿದೆಯೋ ಎಂಬುದೂ ತಾನಾಗಿಯೇ ತೀರ್ಪು ಕೊಡುವುದಿಲ್ಲ, ಏಕೆಂದರೆ ಆಸ್ಟ್ರೇಲಿಯಾದ ಕಾಗೆಗಳು ನೆಲಗಪ್ಪೆಯನ್ನು ಅಂಗಾತ ಮಗುಚಿಹಾಕಿ ಹೊಟ್ಟೆಯ ಕಡೆಯಿಂದ ತಿನ್ನುವುದನ್ನು ಕಂಡಿದ್ದಾರೆ. ಗಾಯದ ಆಕಾರ, ಅಂಚಿನ ಸ್ವರೂಪ, ಕಾಣೆಯಾದ ಅಂಗ, ಬಿಟ್ಟುಹೋದ ಅಂಗ, ಹೊತ್ತು, ಜಾಗ, ಇವೆಲ್ಲ ಒಂದೇ ಪ್ರಾಣಿಯತ್ತ ಕೈತೋರಿಸಿದಾಗ ಮಾತ್ರ ಹೆಸರು ಹೇಳಬೇಕು. ಆಲ್ಟೋನಾದಲ್ಲಿ ಇವುಗಳಲ್ಲಿ ಹೊತ್ತೊಂದನ್ನು ಬಿಟ್ಟು ಉಳಿದವೆಲ್ಲ ಕಾಗೆಯತ್ತಲೇ ಕೈತೋರಿಸಿದವು.

ನಮ್ಮ ಕೆರೆಗಳ ದಂಡೆಯಲ್ಲಿ ಇಂಥ ಹೆಣ ಸಿಕ್ಕರೆ ಶಂಕಿತರ ಪಟ್ಟಿ ಬೇರೆಯಾಗುತ್ತದೆ. ಮೊದಲ ಮಳೆಗೆ ನೀರಿಗಿಳಿಯುವ ನಮ್ಮ ನೆಲಗಪ್ಪೆ ಬೇರೆ ಜಾತಿಯದು, ಅದನ್ನು ಇಡಿಯಾಗಿ ನುಂಗುವ ಕೇರೆಹಾವು ಹೆಣವನ್ನೇ ಉಳಿಸುವುದಿಲ್ಲ. ಸುಲಿದ ಹಿಂಗಾಲು ಕಂಡರೆ ನೀರುನಾಯಿಯನ್ನು ನೆನೆಯಬಹುದಾದ ಜಾಗಗಳು ಇಲ್ಲಿಯೂ ಇವೆ; 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವು ಅವುಗಳಲ್ಲೊಂದು. ಹೆಗ್ಗಣ, ಮುಂಗುಸಿ, ಎರಡು ಬಗೆಯ ಕಾಗೆ, ಇವರೆಲ್ಲ ಊರ ಕೆರೆಯ ಕಾಯಂ ಗಿರಾಕಿಗಳು. ಅದಕ್ಕೂ ಮುನ್ನ, ಹತ್ತಿರ ರಸ್ತೆಯಿದ್ದರೆ, ಚಕ್ರದಡಿ ಸಿಕ್ಕಿ ಕರುಳು ಬಾಯಿಗೆ ಬಂದ ಹೆಣವನ್ನು ಬೇಟೆಯ ಲೆಕ್ಕಕ್ಕೆ ಸೇರಿಸದಂತೆ ನೋಡಿಕೊಳ್ಳಬೇಕು. ಅದನ್ನು ಬೆಳಗಾಗುತ್ತಲೇ ಕಾಗೆ ಬಂದು ಕುಕ್ಕಿದ್ದರೆ ಗೊಂದಲ ಇಮ್ಮಡಿಯಾಗುತ್ತದೆ. ಸಾಯುವ ಮೊದಲು ಆದ ಗಾಯದ ಸುತ್ತ ರಕ್ತ ಕಟ್ಟಿರುತ್ತದೆ, ಸತ್ತ ಮೇಲೆ ಆದ ಗಾಯದ ಸುತ್ತ ಅದು ಇರುವುದಿಲ್ಲ. ಹೆಣ ಸಿಕ್ಕಿದ ತಕ್ಷಣ ಬೆನ್ನು ಮತ್ತು ಹೊಟ್ಟೆ ಎರಡರ ಚಿತ್ರವನ್ನೂ ಅಳತೆಪಟ್ಟಿಯ ಜೊತೆಗೆ ತೆಗೆದಿಟ್ಟುಕೊಳ್ಳುವುದು, ನಂತರ ಕೈಗವಸು ತೊಟ್ಟು ಒಳಗೆ ಏನಿದೆ, ಏನಿಲ್ಲ ಎಂದು ನೋಡುವುದು, ಎರಡೇ ನಿಮಿಷದ ಕೆಲಸ.

ಹ್ಯಾಂಬರ್ಗ್‌ನಲ್ಲಿ ತೀರ್ಮಾನ ಹೊರಬಿದ್ದ ಮೇಲೆ ಕೊಳವನ್ನು ಬರಿದು ಮಾಡುವ, ನೀರಿಗೆ ಔಷಧಿ ಹಾಕುವ ಯೋಚನೆಗಳಿಗೆ ಆಧಾರ ಉಳಿಯಲಿಲ್ಲ. ಕಾಗೆಗಳನ್ನು ಓಡಿಸಬೇಕೆನ್ನುವುದಕ್ಕೂ ಅರ್ಥವಿರಲಿಲ್ಲ, ಏಕೆಂದರೆ ನೆಲಗಪ್ಪೆಗಳ ಆ ಸಂತೆ ನಡೆಯುವುದೇ ಕೆಲವು ವಾರ. ಮೊಟ್ಟೆಯ ದಾರಗಳನ್ನು ನೀರಿನ ಗಿಡಗಳಿಗೆ ಸುತ್ತಿ ಮುಗಿಸಿದ ಮೇಲೆ ಉಳಿದವು ಒಂದೊಂದಾಗಿ ಕತ್ತಲಲ್ಲಿ ತೋಟಗಳಿಗೆ ಮರಳುತ್ತವೆ, ಅಲ್ಲಿ ಕಾಗೆಯ ಕಣ್ಣಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ.